ಸನ್ನೆಯಿಂದ ಮಾತಿಗೆ: ಒಂದು ಕಿಟಕಿಗೆ ಬೇಕಾದ ಅನುವಾದ ವ್ಯವಸ್ಥೆ ಕಟ್ಟುವುದು ಹೇಗೆ?

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು ಸುಮಾರು 50 ಲಕ್ಷ. ಅವರಲ್ಲಿ ಸನ್ನೆ ಭಾಷೆಯನ್ನೇ ನೆಚ್ಚಿಕೊಂಡವರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಮುಂದೆ ನಿಂತರೆ ಒಳಗಿರುವ ಸಿಬ್ಬಂದಿಗೆ ಆ ಭಾಷೆ ಬರುವುದಿಲ್ಲ. ಚೀಟಿಯಲ್ಲಿ ಬರೆದು ತೋರಿಸಬಹುದಲ್ಲ ಎನ್ನುವವರಿದ್ದಾರೆ. ಆದರೆ ಹುಟ್ಟಿನಿಂದ ಕಿವಿ ಕೇಳದವರಿಗೆ ಕನ್ನಡ ಎರಡನೆಯ ಭಾಷೆ. ಸನ್ನೆಯ ಮೂಲಕ ಕಲಿಸುವ ಶಾಲೆ ಸಿಗದಿದ್ದರೆ ಅದರ ಓದು ಬರಹ ಒಲಿಯುವುದು ಬಹಳ ಕಷ್ಟ.

ಇಂಥ ಒಂದು ಕಿಟಕಿಗೆ ಸಾಲುವಷ್ಟು ಅನುವಾದ ವ್ಯವಸ್ಥೆಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ಕಟ್ಟಬಹುದು. ಲ್ಯಾಪ್‌ಟಾಪ್, ವೆಬ್‌ಕ್ಯಾಮ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ವಲ್ಪ ಜ್ಞಾನ ಇದ್ದರೆ ಸಾಕು. ಇಡೀ ಭಾಷೆಯನ್ನೇ ಅನುವಾದಿಸುತ್ತೇವೆಂದು ಹೊರಡಬೇಡಿ. ಒಂದು ಕಿಟಕಿ, ಇಪ್ಪತ್ತೈದು ಸನ್ನೆ: ಗುರಿ ಅಷ್ಟೇ ಇರಲಿ.

ಮೊದಲು ಭಾಷೆ, ಆಮೇಲೆ ಕಂಪ್ಯೂಟರ್

ಭಾರತೀಯ ಸನ್ನೆ ಭಾಷೆ ಎಂದರೆ ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ಆಡುವುದಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯ ಸನ್ನೆ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು, ತಲೆಯಾಟ, ತುಟಿ, ದೇಹದ ವಾಲುವಿಕೆ ಎಲ್ಲವೂ ಅರ್ಥದ ಭಾಗ. ಕೈಗಳು ಅದೇ ಸನ್ನೆ ಮಾಡುತ್ತಿದ್ದರೂ ಹುಬ್ಬು ಏರಿದರೆ ‘ಬಸ್ ಹೋಯಿತು’ ಎಂಬುದು ‘ಬಸ್ ಹೋಯಿತೇ?’ ಎಂದಾಗಬಹುದು. ಇದು ಅರ್ಥವಾಗದೆ ಬರೇ ಬೆರಳುಗಳನ್ನು ಅಳೆಯುವ ಕೈಗವಸು ತಯಾರಿಸಿ ಬಹುಮಾನ ಪಡೆದ ಎಂಜಿನಿಯರಿಂಗ್ ಯೋಜನೆಗಳು ಎಷ್ಟೋ ಇವೆ. ಅವು ಮುಖವನ್ನೇ ಬಿಟ್ಟುಬಿಡುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಊರಿನ ಕಿವುಡರ ಸಂಘಕ್ಕೋ ಶಾಲೆಗೋ ಹೋಗಿ, ಸನ್ನೆ ಭಾಷೆಯಲ್ಲಿ ಪಳಗಿದವರನ್ನು ತಂಡಕ್ಕೆ ಸೇರಿಸಿಕೊಳ್ಳಿ. ಕ್ಯಾಮೆರಾ ಮುಂದೆ ನಿಲ್ಲುವವರಾಗಿ ಮಾತ್ರ ಅಲ್ಲ, ನಿರ್ಧಾರ ಮಾಡುವವರಾಗಿ, ಸಂಭಾವನೆ ಕೊಟ್ಟು. ಯಾವ ಸನ್ನೆಗಳು ಬೇಕೆಂದು ಅವರೇ ಆರಿಸಲಿ: ಬಸ್, ಸಮಯ, ಟಿಕೆಟ್, ಎಲ್ಲಿ, ಎಷ್ಟು, ಇಂದು, ನಾಳೆ, ಹೋಯಿತು, ಇಲ್ಲ, ಹತ್ತಿರದ ಕೆಲವು ಊರುಗಳ ಹೆಸರು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ನಿಘಂಟನ್ನು ಹೊರತಂದಿದೆ. ಅದನ್ನು ನೋಡಿ, ಆದರೆ ಅದೇ ಅಂತಿಮವಲ್ಲ. ಊರಿಂದೂರಿಗೆ ಸನ್ನೆಗಳು ಬದಲಾಗುತ್ತವೆ. ನಿಮ್ಮ ನಿಲ್ದಾಣಕ್ಕೆ ಬರುವವರು ಬಳಸುವ ಸನ್ನೆಯೇ ನಿಮಗೆ ಸರಿಯಾದ ಸನ್ನೆ.

ಚಿತ್ರೀಕರಣ

ಕನಿಷ್ಠ ಹತ್ತು ಮಂದಿಯಿಂದ ಪ್ರತಿ ಸನ್ನೆಯನ್ನೂ ಹತ್ತು ಬಾರಿ ಮಾಡಿಸಿ ವಿಡಿಯೊ ಮಾಡಿ. ಒಟ್ಟು 2,500 ತುಣುಕುಗಳಾಗುತ್ತವೆ. ಎಡಗೈಯವರು, ಹಿರಿಯರು, ಹೆಂಗಸರು, ಉದ್ದ ತೋಳಿನ ಅಂಗಿಯವರು, ಎಲ್ಲರೂ ಇರಲಿ. ಸುಮ್ಮನೆ ಚೀಲ ಸರಿಸುವುದು, ಕೂದಲು ಸರಿಪಡಿಸಿಕೊಳ್ಳುವುದು ಇಂಥವನ್ನೂ ಚಿತ್ರೀಕರಿಸಿ ‘ಸನ್ನೆಯಲ್ಲ’ ಎಂಬ ಪ್ರತ್ಯೇಕ ಗುಂಪು ಮಾಡಿ. ಇಲ್ಲದಿದ್ದರೆ ಯಂತ್ರ ಪ್ರತಿ ಚಲನೆಗೂ ಒಂದು ಪದ ಹಚ್ಚುತ್ತದೆ.

ಗುರುತು ಮರೆಸಲೆಂದು ಇಲ್ಲಿ ಮುಖ ಮಸುಕು ಮಾಡಿದರೆ ವ್ಯಾಕರಣವೇ ಹೋಗುತ್ತದೆ. ಹಾಗಾಗಿ ವಿಡಿಯೊ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂಬುದನ್ನು ಸನ್ನೆ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಿರಿ.

ವಿಡಿಯೊದಿಂದ ಬಿಂದುಗಳಿಗೆ

ಗೂಗಲ್‌ನ ಉಚಿತ ಮೀಡಿಯಾಪೈಪ್ ತಂತ್ರಾಂಶವು ವಿಡಿಯೊದ ಪ್ರತಿ ಚೌಕಟ್ಟಿನಲ್ಲೂ (ಫ್ರೇಮ್) ಒಂದೊಂದು ಕೈಗೆ 21, ದೇಹಕ್ಕೆ 33, ಮುಖಕ್ಕೆ 468 ಬಿಂದುಗಳನ್ನು ಗುರುತಿಸುತ್ತದೆ. ಮುಖದಲ್ಲಿ ಹುಬ್ಬು, ಕಣ್ಣು, ತುಟಿಗಳ ಬಿಂದುಗಳನ್ನು ಮಾತ್ರ ಉಳಿಸಿಕೊಳ್ಳಿ. ಎರಡು ಭುಜಗಳ ನಡುವಣ ಜಾಗವನ್ನು ಸೊನ್ನೆ ಎಂದಿಟ್ಟುಕೊಂಡು, ಎಲ್ಲ ಅಳತೆಗಳನ್ನೂ ಭುಜಗಳ ಅಗಲದಿಂದ ಭಾಗಿಸಿ. ಆಗ ವ್ಯಕ್ತಿ ಹತ್ತಿರ ನಿಂತರೂ ದೂರ ನಿಂತರೂ ಲೆಕ್ಕ ಒಂದೇ.

ಕಲಿಸುವುದು, ಪರೀಕ್ಷಿಸುವುದು

ಸನ್ನೆ ಎಂದರೆ ಚಲನೆ. ಒಂದೊಂದೇ ಸ್ಥಿರಚಿತ್ರ ನೋಡುವ ಮಾದರಿ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಸಾಲದು, ಬಿಂದುಗಳ ಸರಣಿಯನ್ನು ಕ್ರಮವಾಗಿ ಓದುವ ಮಾದರಿ ಬೇಕು. ಎಲ್‌ಎಸ್‌ಟಿಎಂ, ಪುಟ್ಟ ಟ್ರಾನ್ಸ್‌ಫಾರ್ಮರ್ ಎಂಬವು ಅಂಥ ಎರಡು ಬಗೆಗಳು, ಯಾವುದಾದರೂ ಆಗಬಹುದು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 263 ಸನ್ನೆಗಳ 4,287 ವಿಡಿಯೊಗಳಿರುವ ‘ಇನ್‌ಕ್ಲೂಡ್’ ಸಂಗ್ರಹವನ್ನು 2020ರಲ್ಲಿ ಪ್ರಕಟಿಸಿದೆ. ಮೊದಲು ಅದರಲ್ಲಿ ಕಲಿಸಿ, ಆಮೇಲೆ ನಿಮ್ಮ ವಿಡಿಯೊಗಳಿಂದ ತಿದ್ದಿದರೆ ಒಳ್ಳೆಯ ಆರಂಭ ಸಿಗುತ್ತದೆ.

ಪರೀಕ್ಷೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎಲ್ಲ ತುಣುಕುಗಳನ್ನು ಕಲಸಿ ಅದರಲ್ಲೇ ಕೆಲವನ್ನು ಪರೀಕ್ಷೆಗೆ ತೆಗೆದಿಟ್ಟರೆ ಫಲಿತಾಂಶ ಬಲು ಚೆನ್ನಾಗಿ ಬರುತ್ತದೆ, ಏಕೆಂದರೆ ಯಂತ್ರ ಅದೇ ಜನರನ್ನು ಆಗಲೇ ನೋಡಿರುತ್ತದೆ. ಕಿಟಕಿಗೆ ಬರುವವರು ಅದು ಎಂದೂ ನೋಡದವರು. ಆದ್ದರಿಂದ ಹತ್ತರಲ್ಲಿ ಇಬ್ಬರ ಎಲ್ಲ ವಿಡಿಯೊಗಳನ್ನೂ ಕಲಿಕೆಯಿಂದ ಪೂರ್ತಿ ಹೊರಗಿಟ್ಟು, ಅವರ ಮೇಲೆ ಪರೀಕ್ಷಿಸಿ. ಅಂಕ ಇಳಿಯುತ್ತದೆ. ನಂಬಬೇಕಾದ ಅಂಕ ಅದೇ.

ಪದಗಳಿಂದ ಕನ್ನಡ ವಾಕ್ಯಕ್ಕೆ

ಯಂತ್ರ ‘ಹಾಸನ, ಬಸ್, ಸಮಯ, ಏನು’ ಎಂದು ಗುರುತಿಸಿತು ಎನ್ನಿ. ‘ಹಾಸನದ ಬಸ್ ಎಷ್ಟು ಗಂಟೆಗೆ?’ ಎಂದು ಮಾಡಲು ಸಿದ್ಧ ವಾಕ್ಯಗಳ ಅಚ್ಚು ಸಾಕು. ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳಿಗೆ ಈ ಕೆಲಸ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಅವು ತಪ್ಪು ಗುರುತಿಸಿದ ಪದಗಳಿಂದಲೂ ಸೊಗಸಾದ ವಾಕ್ಯ ಹೆಣೆಯುತ್ತವೆ, ಕೇಳುವವರಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಧ್ವನಿ ಹೊರಡುವ ಮುನ್ನ, ಯಂತ್ರ ಅರ್ಥಮಾಡಿಕೊಂಡದ್ದನ್ನು ಸನ್ನೆಯ ವಿಡಿಯೊದಲ್ಲೇ ಪ್ರಯಾಣಿಕರಿಗೆ ತೋರಿಸಿ, ಅವರು ಹೌದೆಂದರೆ ಮಾತ್ರ ನುಡಿಸಿ. ಕನ್ನಡ ಅಕ್ಷರಗಳನ್ನಷ್ಟೇ ತೋರಿಸಿದರೆ ಓದಲು ಬಾರದವರು ಮತ್ತೆ ಹೊರಗುಳಿಯುತ್ತಾರೆ.

ಮರುದಾರಿ

ಅನೇಕ ಯೋಜನೆಗಳು ಸನ್ನೆಯನ್ನು ಮಾತಾಗಿಸಿ ಅಲ್ಲಿಗೇ ನಿಲ್ಲುತ್ತವೆ. ಉತ್ತರ ಕಿವುಡರಿಗೆ ತಲುಪುವುದು ಬೇಡವೇ? ಸಿಬ್ಬಂದಿಯ ಕನ್ನಡ ಮಾತನ್ನು ಪಠ್ಯವಾಗಿಸುವ ಸಾಧನಗಳು ಭಾರತೀಯ ಭಾಷೆಗಳ ಅನುವಾದಕ್ಕಾಗಿ ಇರುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿವೆ. ಪಠ್ಯದಿಂದ ಸನ್ನೆಗೆ ಹೋಗಲು ಬಿಡಿ ಪದಗಳ ತುಣುಕುಗಳನ್ನು ಅಂಟಿಸಬೇಡಿ, ಅದು ತಡವರಿಸಿದಂತೆ ಕಾಣುತ್ತದೆ. ಕಾರ್ಟೂನ್ ಗೊಂಬೆಗಳ ಮುಖಭಾವವೂ ಇನ್ನೂ ಪೇಲವ. ಬಸ್ ಕಿಟಕಿಯ ಉತ್ತರಗಳು ಹೇಗೂ ಬೆರಳೆಣಿಕೆಯವು: ಇಂಥ ಅಂಕಣ (ಪ್ಲಾಟ್‌ಫಾರ್ಮ್), ಇಷ್ಟು ಗಂಟೆ, ಬಸ್ ರದ್ದಾಗಿದೆ. ತಂಡದ ಕಿವುಡ ಸದಸ್ಯರೇ ಪೂರ್ಣ ವಾಕ್ಯಗಳನ್ನು ಆಡಿ ತೋರಿಸಲಿ. ಅಂಕಿಗಳನ್ನು ಪರದೆಯಲ್ಲಿ ದೊಡ್ಡದಾಗಿ ಮೂಡಿಸಿ.

ಎಲ್ಲಿ ಬಳಸಬಾರದು

ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯಗಳಲ್ಲಿ ಇದನ್ನು ದುಭಾಷಿಯ ಬದಲಿಗೆ ಇಡಲೇಬೇಡಿ. ಭಾರತೀಯ ಸನ್ನೆ ಭಾಷೆಯ ಒಂದು ಲಕ್ಷಕ್ಕೂ ಹೆಚ್ಚು ವಾಕ್ಯ ಮತ್ತು ಪದಗುಚ್ಛಗಳ ‘ಐಸೈನ್’ ವಿಡಿಯೊ ಸಂಗ್ರಹ 2024ರಲ್ಲಿ ಹೊರಬಂದ ಮೇಲೂ ನಿರರ್ಗಳ ಸನ್ನೆಯ ಅನುವಾದ ಇನ್ನೂ ಬಹಳ ಹಿಂದಿದೆ. ನಿಮ್ಮ ಕಿಟಕಿಯಲ್ಲೂ ಒಂದು ಗುಂಡಿ ಇರಲಿ. ಅದನ್ನು ಒತ್ತಿದರೆ ವಿಡಿಯೊ ಕರೆಯಲ್ಲಿ ಮನುಷ್ಯ ದುಭಾಷಿ ಸಿಗಬೇಕು. ಯಾವ ಸನ್ನೆಗೆ ಜನ ಆ ಗುಂಡಿ ಒತ್ತುತ್ತಾರೆಂದು ವಾರಕ್ಕೊಮ್ಮೆ ತಂಡದೊಂದಿಗೆ ಕುಳಿತು ನೋಡಿ, ಮುಂದಿನ ಚಿತ್ರೀಕರಣವನ್ನು ಅಲ್ಲಿಂದಲೇ ಶುರುಮಾಡಿ.