ಕ್ವಾಂಟಮ್ ಕ್ಷೇತ್ರ ಸಿದ್ಧಾಂತದ ಗಣಿತೀಯ ತಳಹದಿ: ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು

ಎಲೆಕ್ಟ್ರಾನಿನ ಮ್ಯಾಗ್ನೆಟಿಕ್ ಮೊಮೆಂಟನ್ನು ಬೆಳಕು ಮತ್ತು ವಿದ್ಯುದಾವೇಶಗಳ ಕ್ವಾಂಟಮ್ ಕ್ಷೇತ್ರ ಸಿದ್ಧಾಂತವಾದ ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಸರಿಯಾಗಿ ಹೇಳುತ್ತದೆ. ಆದರೆ ಆ ಸಿದ್ಧಾಂತ ನಿಜಕ್ಕೂ ಯಾವ ಗಣಿತೀಯ ವಸ್ತು ಎಂದು ಕೇಳಿದರೆ, ನಾಲ್ಕು ಆಯಾಮಗಳ ದೇಶಕಾಲದಲ್ಲಿ ಗಣಿತಜ್ಞರು ಒಪ್ಪುವಂಥ ಉತ್ತರ ಇಂದಿಗೂ ಸಿಕ್ಕಿಲ್ಲ. ಈ ಕೊರತೆಯನ್ನು ಅರಿಯಬೇಕೆನ್ನುವವರು ಸಾಮಾನ್ಯವಾಗಿ ವೈಟ್‌ಮನ್ನರ ಸ್ವಯಂಸಿದ್ಧಗಳಿಂದ, ಅಂದರೆ ಕ್ವಾಂಟಮ್ ಕ್ಷೇತ್ರವೊಂದು ಪಾಲಿಸಬೇಕಾದ ಮೂಲ ಷರತ್ತುಗಳ ಪಟ್ಟಿಯಿಂದ, ಓದಲು ತೊಡಗುತ್ತಾರೆ. ಅವು ಯಾವ ತೊಂದರೆಗೆ ಉತ್ತರವಾಗಿ ಬಂದವು ಎಂಬುದು ತಿಳಿಯದೆ ಕೆಲವೇ ವಾರಗಳಲ್ಲಿ ಕೈಬಿಡುತ್ತಾರೆ. ಒಂದೇ ಮಾದರಿಯನ್ನು, ಅಂದರೆ ಕ್ಷೇತ್ರದ ನಾಲ್ಕನೆಯ ಘಾತವೇ ಅಂತರಕ್ರಿಯೆಯಾಗಿರುವ ಫೈ-ನಾಲ್ಕು ಮಾದರಿಯನ್ನು, ಆಯಾಮಗಳನ್ನು ಒಂದೊಂದಾಗಿ ಏರಿಸುತ್ತ ಕೈಯಾರೆ ಲೆಕ್ಕ ಮಾಡಿ, ಆಮೇಲೆ ಸ್ವಯಂಸಿದ್ಧಗಳಿಗೆ ಬರುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಮೆಷರ್ ಸಿದ್ಧಾಂತ, ಹಿಲ್ಬರ್ಟ್ ಸ್ಪೇಸ್ ಮತ್ತು ಡಿಸ್ಟ್ರಿಬ್ಯೂಷನ್‌ಗಳ ಪರಿಚಯವಿದ್ದರೆ ಹೊರಡಲು ಸಾಕು.

ಮೊದಲು ಸೊನ್ನೆ ಆಯಾಮ. ಕ್ಷೇತ್ರವನ್ನು ಒಂದೇ ಬಿಂದುವಿಗೆ ಇಳಿಸಿದರೆ ಅದು ಗೌಸ್ ವಿತರಣೆಯುಳ್ಳ ಒಂದು ಯಾದೃಚ್ಛಿಕ ಸಂಖ್ಯೆಯಷ್ಟೇ. ಅದರ ಸರಾಸರಿ ಸೊನ್ನೆ, ವೇರಿಯನ್ಸ್ ಒಂದು ಎಂದಿರಲಿ. ಆ ಸಂಖ್ಯೆಯ ನಾಲ್ಕನೆಯ ಘಾತವನ್ನು ಅಂತರಕ್ರಿಯೆಯ ಬಲವನ್ನು ಸೂಚಿಸುವ ಕಪ್ಲಿಂಗ್ ಸ್ಥಿರಾಂಕದಿಂದ ಗುಣಿಸಿ, ಋಣಚಿಹ್ನೆಯೊಡನೆ ಎಕ್ಸ್‌ಪೊನೆನ್ಷಿಯಲ್‌ನಲ್ಲಿಟ್ಟು ಸರಾಸರಿ ತೆಗೆಯಿರಿ. ಕಪ್ಲಿಂಗ್ ಧನವಾಗಿರುವವರೆಗೆ ಈ ಅನುಕಲನಕ್ಕೆ ಯಾವ ತೊಡಕೂ ಇಲ್ಲ. ಈಗ ಭೌತವಿಜ್ಞಾನಿಗಳು ಮಾಡುವಂತೆ ಅದನ್ನು ಕಪ್ಲಿಂಗಿನ ಘಾತಶ್ರೇಣಿಯಾಗಿ ಬಿಡಿಸಿ, ಕಪ್ಲಿಂಗಿಗೆ 0.01 ಎಂಬ ಬೆಲೆ ಕೊಡಿ. ಚಿಹ್ನೆಗಳನ್ನು ಬದಿಗಿಟ್ಟರೆ ಒಂದನೆಯ ತಿದ್ದುಪಡಿ 0.03, ಎರಡನೆಯದು 0.00525, ಮೂರನೆಯದು ಸುಮಾರು 0.00173. ಹೀಗೆ ಇಳಿಯುತ್ತ ಬಂದು ಏಳನೆಯದು ಸುಮಾರು 0.000424 ಆಗುತ್ತದೆ, ಎಂಟನೆಯದು 0.000476ಕ್ಕೆ ಏರುತ್ತದೆ, ಅಲ್ಲಿಂದಾಚೆಗೆ ಏರಿಕೆಗೆ ಮಿತಿಯೇ ಇಲ್ಲ. ಕಪ್ಲಿಂಗ್ ಎಷ್ಟೇ ಚಿಕ್ಕದಾಗಿದ್ದರೂ ಋಣವಾದ ಕೂಡಲೇ ಅನುಕಲನ ಅನಂತವಾಗುವುದರಿಂದ, ಶ್ರೇಣಿಯ ಅಭಿಸರಣ ತ್ರಿಜ್ಯ ಸೊನ್ನೆಯೇ ಆಗಿರಬೇಕು. 1952ರಲ್ಲಿ ಫ್ರೀಮನ್ ಡೈಸನ್ ಕ್ವಾಂಟಮ್ ಎಲೆಕ್ಟ್ರೋಡೈನಮಿಕ್ಸ್ ಕುರಿತು ಮುಂದಿಟ್ಟ ವಾದದ ತಿರುಳೂ ಇಂಥದೇ. ಆದ್ದರಿಂದ ಫೈನ್‌ಮನ್ ಚಿತ್ರಗಳ ಮೊತ್ತವನ್ನೇ, ಅಂದರೆ ಇಂಥ ಘಾತಶ್ರೇಣಿಯನ್ನೇ, ಸಿದ್ಧಾಂತದ ವ್ಯಾಖ್ಯೆಯೆಂದು ಹಿಡಿಯಲಾಗದು. ಈ ಉದಾಹರಣೆಯಲ್ಲಿ ಅಭಿಸರಿಸದ ಶ್ರೇಣಿಗೂ ಬೆಲೆ ಕಟ್ಟುವ ಬೊರೆಲ್ ಸಂಕಲನ ಮೂಲ ಅನುಕಲನವನ್ನು ಮರಳಿ ಕೊಡುತ್ತದೆ, ನಿಜ. ಆದರೆ ಮರಳಿ ಪಡೆಯಲು ಅನುಕಲನವೆಂಬುದು ಮೊದಲು ಇರಬೇಕಲ್ಲ.

ಒಂದು ಆಯಾಮವೆಂದರೆ ಸಾಮಾನ್ಯ ಕ್ವಾಂಟಮ್ ಯಂತ್ರಶಾಸ್ತ್ರ. ಅದನ್ನು ಯಾದೃಚ್ಛಿಕ ಪಥಗಳ ಸರಾಸರಿಯಾಗಿ ಬರೆಯುವ ಫೈನ್‌ಮನ್-ಕಾಚ್ ಸೂತ್ರವನ್ನು ಸಾಧಿಸಿ ನೋಡಿ ಮುಂದೆ ಸಾಗಬಹುದು.

ಎರಡು ಆಯಾಮಗಳಲ್ಲಿ ಮಾತ್ರ ನಿಧಾನಿಸಿ. ಇಲ್ಲಿ ಮುಕ್ತ ಕ್ಷೇತ್ರ, ಅಂದರೆ ಅಂತರಕ್ರಿಯೆಯಿಲ್ಲದ ಕ್ಷೇತ್ರವೆಂಬುದು, ಡಿಸ್ಟ್ರಿಬ್ಯೂಷನ್‌ಗಳ ಮೇಲಿನ ಗೌಸ್ ಮೆಷರ್. ಒಂದು ಬಿಂದುವಿನಲ್ಲಿ ಕ್ಷೇತ್ರದ ಬೆಲೆ ಎಂಬ ಮಾತಿಗೇ ಅರ್ಥವಿಲ್ಲ, ಏಕೆಂದರೆ ಅತಿ ಸಣ್ಣ ದೂರಗಳ ಏರಿಳಿತಗಳನ್ನು ತಡೆಯುವ ಕಟ್‌ಆಫ್ ತೆಗೆಯುತ್ತ ಹೋದಂತೆ ಅಲ್ಲಿನ ವೇರಿಯನ್ಸ್ ಲಾಗರಿದಮ್ಮಿನ ಗತಿಯಲ್ಲಿ ಅನಂತಕ್ಕೆ ಹೋಗುತ್ತದೆ. ಬೆಲೆಯೇ ಇಲ್ಲದ ಮೇಲೆ ಅದರ ನಾಲ್ಕನೆಯ ಘಾತವೂ ಇಲ್ಲ. ವಿಕ್ ಕ್ರಮೀಕರಣ ಇದಕ್ಕೆ ಪರಿಹಾರ: ನಾಲ್ಕನೆಯ ಘಾತದಿಂದ, ಕ್ಷೇತ್ರದ ವರ್ಗವನ್ನು ವೇರಿಯನ್ಸಿನ 6 ಪಟ್ಟಿನಿಂದ ಗುಣಿಸಿ ಕಳೆಯಬೇಕು, ವೇರಿಯನ್ಸಿನ ವರ್ಗದ 3 ಪಟ್ಟನ್ನು ಕೂಡಿಸಬೇಕು. ಆದರೆ ವರ್ಗವನ್ನು ಪೂರ್ಣಗೊಳಿಸಿ ನೋಡಿದರೆ ಹೊಸ ತೊಂದರೆ ಕಾಣುತ್ತದೆ: ಈ ಪದದ ಕನಿಷ್ಠ ಬೆಲೆ ವೇರಿಯನ್ಸಿನ ವರ್ಗದ ಋಣ 6 ಪಟ್ಟು, ಕಟ್‌ಆಫ್ ತೆಗೆದರೆ ಅದು ಋಣ ಅನಂತಕ್ಕೆ ಇಳಿಯುತ್ತದೆ. ಹಾಗಿರುವಾಗ ಎಕ್ಸ್‌ಪೊನೆನ್ಷಿಯಲ್‌ನ ಸರಾಸರಿ ಪರಿಮಿತವೆಂದು ಹೇಗೆ ನಂಬುವುದು? 1960ರ ದಶಕದಲ್ಲಿ ಎಡ್ವರ್ಡ್ ನೆಲ್ಸನ್ ಇದಕ್ಕೆ ದಾರಿ ಕಂಡುಕೊಂಡರು. ಇಳಿತದ ವೇಗ ಲಾಗರಿದಮ್ಮಿನ ವರ್ಗದಷ್ಟು ಮಾತ್ರ. ಕಟ್‌ಆಫಿನಾಚೆ ಉಳಿಯುವ ಭಾಗವಾದರೋ ಕಟ್‌ಆಫಿನ ಒಂದು ಋಣ ಘಾತದಷ್ಟು ವೇಗವಾಗಿ ಕುಗ್ಗುತ್ತದೆ. ಹೀಗಾಗಿ ಆ ಪದ ಬಹಳ ಆಳಕ್ಕೆ ಇಳಿಯುವ ಸಂಭವನೀಯತೆ ಅತ್ಯಂತ ಕಡಿಮೆಯಾಗಿ, ಸರಾಸರಿ ಪರಿಮಿತವಾಗಿಯೇ ಉಳಿಯುತ್ತದೆ. ಈ ವಾದವನ್ನು ಪರಿಮಿತ ಟೋರಸ್ ಮೇಲೆ ಮೊದಲಿಂದ ಕೊನೆಯವರೆಗೆ ಸ್ವತಃ ಬರೆಯಿರಿ. ಹೀಗೆ ಅನಂತ ಪದಗಳನ್ನು ಕಳೆಯುವ ರೀನಾರ್ಮಲೈಸೇಶನ್ ಎಂದರೆ ಅನಂತಗಳನ್ನು ಕದ್ದು ಅಳಿಸುವ ಉಪಾಯ ಎಂಬ ಸಂಶಯವನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ. ಅಲ್ಲಿಂದ ಅನಂತ ವಿಸ್ತಾರಕ್ಕೆ ಹೋಗಲು ಗ್ಲಿಮ್, ಜಾಫಿ ಮತ್ತು ಸ್ಪೆನ್ಸರ್ ಅವರ ಕ್ಲಸ್ಟರ್ ವಿಸ್ತರಣೆಯನ್ನೋ ಸಹಸಂಬಂಧ ಅಸಮಾನತೆಗಳನ್ನೋ ಹಿಡಿಯಬಹುದು.

ಮೂರು ಆಯಾಮಗಳಲ್ಲಿ ವಿಕ್ ಕ್ರಮೀಕರಣವೊಂದೇ ಸಾಲದು. ದ್ರವ್ಯರಾಶಿಗೂ ಅನಂತ ತಿದ್ದುಪಡಿ ಬೇಕಾಗುತ್ತದೆ, ಪರಿಮಿತ ಟೋರಸ್ಸಿನಲ್ಲಿಯೂ ಅಂತಿಮ ಮೆಷರಿಗೆ ಮುಕ್ತ ಮೆಷರಿನ ಎದುರು ಸಾಂದ್ರತೆಯೇ ಇರುವುದಿಲ್ಲ. ಮೆಷರಿನ ರಚನೆಯ ಕಠಿಣ ಭಾಗವನ್ನು ಗ್ಲಿಮ್ ಮತ್ತು ಜಾಫಿ 1973ರಲ್ಲಿ ಸಾಧಿಸಿದರು. ಇಂದಿನ ಓದುಗರಿಗೆ ಮಾರ್ಟಿನ್ ಹೈರರ್ 2014ರಲ್ಲಿ ಪ್ರಕಟಿಸಿದ ರೆಗ್ಯುಲಾರಿಟಿ ಸ್ಟ್ರಕ್ಚರ್‌ಗಳ ವಿಧಾನ, ಅಂದರೆ ಮೆಷರನ್ನು ಒಂದು ಯಾದೃಚ್ಛಿಕ ಅವಕಲ ಸಮೀಕರಣದ ಸಮತೋಲನವೆಂದು ನೋಡುವ ದಾರಿ, ಹೆಚ್ಚು ಸುಗಮವಾಗಬಹುದು.

ಸ್ವಯಂಸಿದ್ಧಗಳನ್ನು ತೆರೆಯಬೇಕಾದುದು ಈಗ. ಇಷ್ಟು ಹೊತ್ತು ಕಟ್ಟಿದ್ದೆಲ್ಲ ಯೂಕ್ಲಿಡೀಯ ಜಗತ್ತಿನದು, ಅಲ್ಲಿ ಕಾಲವೂ ದೇಶದಂತೆಯೇ ಇರುತ್ತದೆ. ಅಲ್ಲಿಂದ ಹಿಲ್ಬರ್ಟ್ ಸ್ಪೇಸಿಗೂ ನಿಜವಾದ ಕಾಲಕ್ಕೂ ಮರಳಲು ಯಾವ ಷರತ್ತುಗಳು ಬೇಕೆಂಬುದನ್ನು ಆಸ್ಟರ್‌ವಾಲ್ಡರ್ ಮತ್ತು ಶ್ರಾಡರ್ 1973 ಮತ್ತು 1975ರ ಲೇಖನಗಳಲ್ಲಿ ತಿಳಿಸಿದರು; ಅವುಗಳಲ್ಲಿ ಮುಖ್ಯವಾದ, ಕಾಲದ ಪ್ರತಿಬಿಂಬದೊಡನೆ ತೆಗೆದ ಸರಾಸರಿ ಋಣವಾಗಬಾರದೆಂಬ ರಿಫ್ಲೆಕ್ಷನ್ ಪಾಸಿಟಿವಿಟಿಯನ್ನು ನೀವು ಕಟ್ಟಿದ ಎರಡು ಆಯಾಮದ ಮಾದರಿಯಲ್ಲಿ ಪರಿಶೀಲಿಸಿ. ಮುಕ್ತ ಕ್ಷೇತ್ರದ ಹಿಲ್ಬರ್ಟ್ ಸ್ಪೇಸಿನಲ್ಲಿಯೇ ಅಂತರಕ್ರಿಯೆಯ ಸಿದ್ಧಾಂತವನ್ನು ಕೂರಿಸಲಾಗದೆಂಬ 1955ರ ಹಾಗ್ ಪ್ರಮೇಯವೂ, ಕ್ಷೇತ್ರಗಳನ್ನು ಬಿಟ್ಟು ಪ್ರತಿ ಪ್ರದೇಶಕ್ಕೂ ವೀಕ್ಷ್ಯಗಳ ಒಂದು ಬೀಜಗಣಿತವನ್ನು ಇಟ್ಟ 1964ರ ಹಾಗ್-ಕಾಸ್ಟ್ಲರ್ ದೃಷ್ಟಿಯೂ ಈ ಹಂತದಲ್ಲಿ ಸಹಜವಾಗಿ ಒಗ್ಗುತ್ತವೆ.

ನಾಲ್ಕು ಆಯಾಮಗಳಲ್ಲಿ ಫೈ-ನಾಲ್ಕನ್ನು ಇದೇ ರೀತಿ ಕಟ್ಟಲು ಹೊರಡಬೇಡಿ. ಮೈಕೆಲ್ ಐಜೆನ್‌ಮನ್ ಮತ್ತು ಹ್ಯೂಗೊ ಡ್ಯುಮಿನಿಲ್-ಕೋಪಿನ್ 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಲ್ಯಾಟಿಸ್‌ನಿಂದ (ಬಿಡಿ ಬಿಂದುಗಳ ಜಾಲರಿಯಿಂದ) ಹೊರಟ ಒಂದು ಘಟಕದ ಈ ಮಾದರಿಯ ಮಿತಿ ಗೌಸ್ ಕ್ಷೇತ್ರವೇ ಆಗುತ್ತದೆ, ಅಂತರಕ್ರಿಯೆ ಉಳಿಯುವುದಿಲ್ಲ. ಆದ್ದರಿಂದಲೇ ನಿರೀಕ್ಷೆಯೆಲ್ಲ ಪ್ರಬಲ ನ್ಯೂಕ್ಲಿಯರ್ ಬಲದ ವಿವರಣೆಗೆ ತಳಹದಿಯಾದ ಯಾಂಗ್-ಮಿಲ್ಸ್ ಸಿದ್ಧಾಂತದ ಮೇಲಿದೆ. ಅಲ್ಲಿ ಅತಿ ಕಡಿಮೆ ದೂರಗಳಲ್ಲಿ ಕಪ್ಲಿಂಗ್ ದುರ್ಬಲಗೊಳ್ಳುತ್ತದೆ. ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಈ ಸಿದ್ಧಾಂತವನ್ನು ಕಟ್ಟಿ, ಅದರಲ್ಲಿ ಮಾಸ್ ಗ್ಯಾಪ್, ಅಂದರೆ ಅತಿ ಕಡಿಮೆ ಶಕ್ತಿಯ ಸ್ಥಿತಿಗೂ ಅದರ ಮೇಲಿನದಕ್ಕೂ ನಡುವಿನ ಶಕ್ತಿಯ ವ್ಯತ್ಯಾಸ, ಸೊನ್ನೆಯಲ್ಲವೆಂದು ಸಾಧಿಸುವವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಈ ಸಮಸ್ಯೆ ಬಗೆಹರಿಯಿತೆಂಬ ಪ್ರಬಂಧ ಕೈಗೆ ಬಂದರೆ ಮೊದಲು ಲ್ಯಾಟಿಸ್ ಅಂತರವನ್ನು ಸೊನ್ನೆಗೆ ಇಳಿಸಿದ ಪುಟವನ್ನು ಹುಡುಕಿ, ಆಮೇಲೆ ವಿಸ್ತಾರವನ್ನು ಅನಂತಕ್ಕೆ ಒಯ್ದ ಪುಟವನ್ನು, ಕೊನೆಗೆ ಈ ಎರಡು ಮಿತಿಗಳ ನಂತರವೂ ಮಾಸ್ ಗ್ಯಾಪ್ ಸೊನ್ನೆಗಿಂತ ಮೇಲೆ ಉಳಿದಿದೆಯೆಂದು ತೋರಿಸುವ ಅಂದಾಜನ್ನು ಹುಡುಕಿ. ಲ್ಯಾಟಿಸ್ ಅಂತರವನ್ನು ಸ್ಥಿರವಾಗಿಟ್ಟು ಪ್ರಬಲ ಕಪ್ಲಿಂಗಿನಲ್ಲಿ ಗ್ಯಾಪ್ ತೋರಿಸುವುದು 1970ರ ದಶಕದಲ್ಲಿಯೇ ಸಾಧ್ಯವಾಗಿತ್ತು. ಪ್ರಬಂಧ ಅಷ್ಟಕ್ಕೇ ನಿಂತಿದ್ದರೆ ಮುಂದೆ ಓದುವ ಅಗತ್ಯವಿಲ್ಲ.