ತೂಕಕ್ಕೆ ಹೋಗಬೇಕಿದ್ದ ಲೇಡಿಮ್ಯಾಟಿಕ್

ಹಳೆಯ ಲೇಡೀಸ್ ವಾಚು ಸಂಗ್ರಹಿಸುತ್ತೇನೆ ಅಂದರೆ ನಮ್ಮ ಕಾಸರಗೋಡಿನಲ್ಲಿ ಮೊದಲು ಕೇಳುವುದು, "ಅದರಲ್ಲಿ ಚಿನ್ನ ಎಷ್ಟುಂಟು?" ಒಳ್ಳೆಯ ವಾಚುಗಳು ಅಪರೂಪವಾದದ್ದಕ್ಕೆ ಈ ಪ್ರಶ್ನೆಯೇ ಒಂದು ಕಾರಣ. 1950-60ರ ದಶಕದಲ್ಲಿ ಬಂದ ಸ್ವಿಸ್ ಲೇಡೀಸ್ ವಾಚುಗಳಲ್ಲಿ ಕೇಸು, ಅಂದರೆ ಹೊರಗಿನ ಕವಚ, 18 ಕ್ಯಾರೆಟ್ ಚಿನ್ನದ್ದಾಗಿದ್ದವು ಬೇಕಾದಷ್ಟಿದ್ದವು. ಆಮೇಲೆ ಬ್ಯಾಟರಿ ವಾಚು ಬಂತು. ಚಾವಿ ಕೊಡುವ ಪುಟ್ಟ ವಾಚು ಯಾರಿಗೂ ಬೇಡವಾಯಿತು, ಚಿನ್ನದ ರೇಟು ಮಾತ್ರ ಏರಿತು. ಕೇಸು ಕರಗಿತು, ಮೆಷಿನ್ ಮೂಲೆಗೆ ಬಿತ್ತು.

ನನ್ನ ಹತ್ತಿರ ಇರುವ ಸ್ವಿಸ್ ಕಂಪೆನಿ ಒಮೆಗಾದ ಲೇಡಿಮ್ಯಾಟಿಕ್ ವಾಚು ಕೂಡ ಅದೇ ದಾರಿ ಹಿಡಿದಿತ್ತು. ಬದಿಯಡ್ಕದ ಕಡೆಯ ಒಂದು ಮನೆಯದ್ದು. ಅಲ್ಲಿನ ಅಕ್ಕನ ಮಾವ ಹಿಂದೆ ಬೊಂಬಾಯಿಯಲ್ಲಿ ಇದ್ದವರು, ಹೆಂಡತಿಗೆ ತಂದುಕೊಟ್ಟದ್ದಂತೆ. "ಅಂಗಡಿಯವರು ಗ್ಲಾಸು, ಮೆಷಿನ್ ಕಳೆದು ಉಳಿದ ತೂಕಕ್ಕೆ ದುಡ್ಡು ಕೊಡ್ತೇನೆ ಅಂದ್ರು ಮಾರಾಯ್ರೆ. ಓಡುವುದೂ ಇಲ್ಲ, ಇಟ್ಟುಕೊಂಡು ಏನು ಮಾಡುವುದು?" ಅಂದರು. "ಅಕ್ಕಾ, ಸ್ವಲ್ಪ ನಿಲ್ಲಿ, ಒಳಗೆ ನೋಡಿ ಹೇಳ್ತೇನೆ" ಅಂದೆ.

ಲೇಡಿಮ್ಯಾಟಿಕ್ ಶುರುವಾದದ್ದು 1955ರಲ್ಲಿ. ಕೈ ಆಡಿದಂತೆ ತಾನೇ ಚಾವಿ ತುಂಬಿಕೊಳ್ಳುವ ವಾಚು. ಅದರಲ್ಲಿದ್ದ 455 ನಂಬರಿನ ಮೆಷಿನ್ ಆ ಕಾಲದಲ್ಲಿ ರೋಟರ್ (ಕೈ ಆಡಿದಾಗ ತಿರುಗಿ ಚಾವಿ ತುಂಬುವ ತೂಕದ ತುಂಡು) ಇರುವ ಆಟೊಮ್ಯಾಟಿಕ್‌ಗಳಲ್ಲೇ ಅತಿ ಚಿಕ್ಕದು ಅಂತ ಹೆಸರಾಗಿತ್ತು. ಒಂದು ರೂಪಾಯಿ ನಾಣ್ಯಕ್ಕಿಂತಲೂ ಸಣ್ಣದು. ಚಿಕ್ಕದರ ಮಾತು ಬಂದರೆ ಜೇಗರ್ ಲಕೂಲ್ಟ್ರ್ ಎಂಬ ಸ್ವಿಸ್ ಕಂಪೆನಿಯ 101 ನಂಬರಿನ ಮೆಷಿನ್ ಇದೆ, ಅದು ಕೈಯಲ್ಲಿ ಚಾವಿ ಕೊಡುವಂಥದ್ದು. 1929ರದ್ದು, ಉದ್ದ 14 ಮಿಲಿಮೀಟರ್, ಅಗಲ 5ಕ್ಕಿಂತ ಕಡಿಮೆ, ತೂಕ ಸುಮಾರು ಒಂದು ಗ್ರಾಂ. 1953ರ ಪಟ್ಟಾಭಿಷೇಕದಲ್ಲಿ ಎಲಿಜಬೆತ್ ರಾಣಿ ಕಟ್ಟಿದ್ದು ಅದೇ ಮೆಷಿನ್ ಇದ್ದ ವಾಚು. ಅದೆಲ್ಲ ನಮ್ಮ ಕೈಗೆಟುಕುವ ವ್ಯವಹಾರ ಅಲ್ಲ ಬಿಡಿ. ಆದರೆ ಜಾಸ್ತಿ ಜನ ದೊಡ್ಡ ಗಂಡಸರ ವಾಚಿನ ಹಿಂದೆ ಬಿದ್ದಿರುವುದರಿಂದ, ಅದೇ ಗುಣಮಟ್ಟದ ಲೇಡೀಸ್ ವಾಚು ಎಷ್ಟೋ ಕಡಿಮೆಗೆ ಸಿಗುತ್ತದೆ. ನನ್ನಂಥವನಿಗೆ ಜಾಗ ಇರುವುದು ಅಲ್ಲೇ.

ಬದಿಯಡ್ಕದ ಆ ವಾಚಿನ ಹಿಂದಿನ ಮುಚ್ಚಳ ತೆಗೆದು, ಐಗ್ಲಾಸ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಾಕಿ ನೋಡಿದೆ. ಮೆಷಿನ್ ತಾಮ್ರದ ಬಣ್ಣದಲ್ಲಿ ಮಿನುಗುತ್ತಿತ್ತು. ಆ ಕಾಲದ ಒಮೆಗಾ ಹಾಗೆಯೇ ಇರಬೇಕು, ಬೆಳ್ಳಗೆ ಕಂಡರೆ ನಾನು ಅನುಮಾನ ಪಡುತ್ತೇನೆ. ಮೆಷಿನ್ ಮೇಲಿನ ಎಂಟಂಕಿಯ ಸೀರಿಯಲ್ ನಂಬರು 17ರಿಂದ ಶುರು, ಅಂದರೆ 1950ರ ದಶಕದ ಕೊನೆಯ ಹೊತ್ತಿನದ್ದು. ಮುಚ್ಚಳದ ಒಳಗೆ ಒಂದು ಹೆಣ್ಣಿನ ತಲೆಯ ಪುಟ್ಟ ಮುದ್ರೆ. ಸ್ವಿಸ್‌ನವರು 18 ಕ್ಯಾರೆಟ್‌ಗೆ ಹೊಡೆಯುತ್ತಿದ್ದ ಗುರುತು ಅದು. 14 ಕ್ಯಾರೆಟ್ ಆದರೆ ಅಳಿಲು ಇರುತ್ತದೆ. 1995ರ ನಂತರ ಎರಡಕ್ಕೂ ನಾಯಿಯ ತಲೆ.

ಇಷ್ಟಾದರೂ ನನಗೆ ಸಮಾಧಾನ ಆಗುವುದು ಡಯಲ್ ನೋಡಿದ ಮೇಲೆಯೇ. ನಮ್ಮ ಕಡೆಗೆ ಬರುವ ಹಳೆ ವಾಚುಗಳಲ್ಲಿ ಮತ್ತೆ ಪೇಂಟ್ ಹೊಡೆದ ಡಯಲ್ ತುಂಬಾ. ದೂರದಿಂದ ಹೊಸದರಂತೆ ಹೊಳೆಯುತ್ತವೆ. ಹತ್ತಿರದಿಂದ ನೋಡಿದರೆ ಅಕ್ಷರ ಒಂದು ದಪ್ಪ, ಒಂದು ತೆಳು. ಆರರ ಕೆಳಗಿನ 'ಸ್ವಿಸ್ ಮೇಡ್' ಓರೆಯಾಗಿರುತ್ತದೆ, ಇಲ್ಲವೇ ಕಾಣೆಯಾಗಿರುತ್ತದೆ. ಇದರಲ್ಲಿ ಅಕ್ಷರ ನೆಟ್ಟಗಿತ್ತು. ಅಂಚಿನಲ್ಲಿ ಸಣ್ಣ ಕಲೆಗಳು, ಒಂಬತ್ತರ ಹತ್ತಿರ ಸ್ವಲ್ಪ ಹಳದಿ. ಮತ್ತೆ ಪೇಂಟ್ ಹೊಡೆದದ್ದಲ್ಲ ಅಂತ ಕಲೆ ಕಂಡೇ ಖುಷಿಯಾಯಿತು! ಗ್ಲಾಸಿನ ನಟ್ಟನಡುವೆ, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಒಮೆಗಾ ಚಿಹ್ನೆಯೂ ಹಾಗೇ ಇತ್ತು. ಚಿನ್ನದ ಅಂಗಡಿಯವರು ಹೇಳಿದ್ದಕ್ಕಿಂತ ಚೆನ್ನಾಗಿಯೇ ಕೊಟ್ಟು ತಂದೆ.

ರಿಪೇರಿಗೆ ಪೇಟೆಯ ಹಾಜಿಯವರೇ ಬೇಕು. ತೆಗೆದು ನೋಡಿದರೆ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು, ಅಷ್ಟೇ. ರೋಟರಿನ ನಡುವಿನ ಅಚ್ಚು ಮಾತ್ರ ಸವೆದಿತ್ತು. ಅದಕ್ಕೆ ಅವರ ಡ್ರಾಯರಿನಲ್ಲೇ ಮದ್ದಿತ್ತು: ಎಂದೋ ಕೇಸು ಕಳಕೊಂಡ ಇನ್ನೊಂದು 455. ಎಲ್ಲ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರು. "ಕೇಸು ಪಾಲಿಶ್ ಮಾಡಿ ಕೊಡ್ಲಾ?" ಅಂದರು. "ಬೇಡ ಹಾಜಿಯವರೇ, ಅದನ್ನು ಮುಟ್ಟುವುದೇ ಬೇಡ" ಅಂದೆ. ಪಾಲಿಶ್ ಮಾಡಿದಷ್ಟೂ ಕೇಸಿನ ಅಂಚು ದುಂಡಾಗುತ್ತದೆ, ಹೊರಗಿನ ಮುದ್ರೆ ಅಳಿಯುತ್ತದೆ. ಸಂಗ್ರಹಿಸುವವರು ಮೊದಲು ಹುಡುಕುವುದೇ ಅದನ್ನು, ಅಲ್ವಾ?

ನಮ್ಮ ಊರಿನ ಉಪ್ಪುಗಾಳಿ ಮತ್ತು ಜೂನಿನ ಮಳೆ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಯಾವ ವಾಚಿನ ಮುಚ್ಚಳವನ್ನೂ ತೆಗೆಯಲು ಬಿಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಇಡುತ್ತೇನೆ. ಚರ್ಮದ ಬೆಲ್ಟು ಬಿಚ್ಚಿ ಬೇರೆಯೇ ಇಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಈಗ ಮನೆಯವಳು ಮದುವೆಗೋ ಪೂಜೆಗೋ ಹೋಗುವಾಗ ಕಟ್ಟುತ್ತಾಳೆ. ಕುರ್ಚಿಯಲ್ಲಿ ಸುಮ್ನೆ ಕೂತರೆ ಆಟೊಮ್ಯಾಟಿಕ್ ತುಂಬುವುದಿಲ್ಲ, ಹಾಗಾಗಿ ಹೊರಡುವ ಮೊದಲು ನಾನೇ ನಾಲ್ಕು ಸುತ್ತು ಚಾವಿ ಕೊಡುತ್ತೇನೆ. ಇಷ್ಟು ಕಿರಿದಾದ ಬೆಲ್ಟು ಇಲ್ಲಿ ಸಿಗುವುದಿಲ್ಲ. ಮಂಗಳೂರಿನಲ್ಲಿ ಕೇಳಿಟ್ಟಿದ್ದೇನೆ.