ಬಾಡಿಗೆ ಮನೆಯಲ್ಲಿದ್ದರೂ ವೋಟು ದಾವಣಗೆರೆಯಲ್ಲೇ: ಹೆಸರು ಸೇರಿಸುವುದು ಹೇಗೆ?

ದಾವಣಗೆರೆ ಹೊರಗಿನಿಂದ ಬಂದವರಿಂದಲೇ ಬೆಳೆದ ಊರು. ಹತ್ತಿ ಮಿಲ್ಲುಗಳಿಗೆ ಸುತ್ತಲ ಹಳ್ಳಿಗಳಿಂದ ಜನ ಬಂದರು. ಊರಿಗೆ ಬೆಣ್ಣೆ ದೋಸೆಯ ಹೆಸರು ತಂದ ಚೆನ್ನಮ್ಮನವರೂ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರೇ. ನಾನು ಮೊಳಕಾಲ್ಮೂರಿನವನು, ಇಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ಬಿಎಲ್‌ಒ, ಅಂದರೆ ಒಂದು ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿಯ ಕೆಲಸ ಹೆಗಲಿಗೆ ಬಿದ್ದಾಗ ಪಟ್ಟಿ ಹಿಡಿದು ಬಾಡಿಗೆ ಮನೆಗಳ ಬಾಗಿಲು ತಟ್ಟಿದ್ದೇನೆ. ವೋಟು ಎಲ್ಲಿದೆ ಅಂತ ಕೇಳಿದರೆ ಬರುವ ಉತ್ತರ ಒಂದೇ: "ಊರಾಗೈತೆ ಸಾರ್, ನಾವು ಬಾಡಿಗೆಗೆ ಇರೋರು."

ಬಾಡಿಗೆಗೆ ಇರುವವರ ಮನೆಗೂ ನಲ್ಲಿ ನೀರು ಬರಬೇಕು. ಅವರ ಮಕ್ಕಳೂ ಇದೇ ವಾರ್ಡಿನ ಅಂಗನವಾಡಿಗೆ ಹೋಗುತ್ತಾರೆ. ಚರಂಡಿ ಕಟ್ಟಿಕೊಂಡರೆ ಕೇಳಬೇಕಾದ್ದು ಇಲ್ಲಿನ ಸದಸ್ಯರನ್ನು. ಪಟ್ಟಿಯಲ್ಲಿ ಹೆಸರೇ ಇಲ್ಲದ ಬೀದಿಗೆ ವೋಟು ಕೇಳಲು ಕೂಡ ಯಾರೂ ಬರುವುದಿಲ್ಲ.

ಮೊದಲು ನಿಮ್ಮ ವೋಟು ಎಲ್ಲಿರಬೇಕು ಅಂತ ಯೋಚಿಸಿ. 1950ರ ಪ್ರಜಾಪ್ರತಿನಿಧಿ ಕಾಯ್ದೆ ನೋಡುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಅನ್ನುವುದನ್ನು. ಊರಲ್ಲಿ ಸ್ವಂತ ಮನೆ ಇದೆ ಅನ್ನುವುದೊಂದರಿಂದಲೇ ನೀವು ಅಲ್ಲಿನ ವಾಸಿ ಆಗುವುದಿಲ್ಲ. ಹಾಗೆಯೇ, ಸ್ವಲ್ಪ ಕಾಲ ಊರು ಬಿಟ್ಟರೆ ಅಲ್ಲಿನ ಹಕ್ಕು ಹೋಗುವುದೂ ಇಲ್ಲ. ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋಗಿ ಮತ್ತೆ ಬರುವವರ ವೋಟು ತಾಂಡಾದಲ್ಲೇ ಇರಲಿ. ಯಾರಾದರೂ ಅದನ್ನು ತೆಗೆಸಲು ಬಂದರೆ, ಕೆಲಸಕ್ಕೆ ಹೋಗಿದ್ದಾರೆ, ವಾಪಸ್ ಬರುತ್ತಾರೆ ಅಂತ ಮನೆಯವರು ಬಿಎಲ್‌ಒಗೆ ಹೇಳಬೇಕು. ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಊರೋ ಹಾಸ್ಟೆಲೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಇದೆ. ಸಂಸಾರ ಸಮೇತ ಇಲ್ಲೇ ನೆಲೆಸಿದವರು ಮಾತ್ರ ಇಲ್ಲಿಗೇ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಈಗಾಗಲೇ ವೋಟರ್ ಐಡಿ ಇದ್ದರೆ ತುಂಬಬೇಕಾದ್ದು ಫಾರಂ 8. ಫಾರಂ 6 ಮೊದಲ ಸಲ ಹೆಸರು ಸೇರಿಸುವವರಿಗೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಹಳೆಯ ಹೆಸರು ಊರಲ್ಲಿರುವಾಗಲೇ ಹೊಸದಾಗಿ ಫಾರಂ 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಫಾರಂ 8ರಲ್ಲಿ ವಿಳಾಸ ಬದಲಾವಣೆ ಅನ್ನುವುದಕ್ಕೆ ಗುರುತು ಹಾಕಿ, ಹಳೆಯ ಕಾರ್ಡಿನ ನಂಬರ್ ಬರೆಯಿರಿ. ನಂಬರ್ ಅದೇ ಇರುತ್ತದೆ, ವಿಳಾಸ ಬದಲಾಗುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ ತುಂಬಬಹುದು, ಬಿಎಲ್‌ಒ ಕೈಗೂ ಕೊಡಬಹುದು. ನಿಮ್ಮ ಬೂತಿನ ಬಿಎಲ್‌ಒ ಯಾರು ಅಂತ ತಿಳಿಯಲು 1950ಕ್ಕೆ ಫೋನ್ ಮಾಡಿ.

ಜಾಸ್ತಿ ತೊಂದರೆ ಆಗುವುದು ವಿಳಾಸದ ದಾಖಲೆಯಲ್ಲಿ. ನೀರಿನ, ಕರೆಂಟಿನ ಬಿಲ್ಲು ಮನೆ ಮಾಲೀಕರ ಹೆಸರಲ್ಲಿರುತ್ತದೆ. ಕರಾರು ಪತ್ರ ಅಂದರೆ ಛಾಪಾ ಕಾಗದದ ಮೇಲೆ ಬರೆದದ್ದು, ನೋಂದಣಿ ಆಗಿರುವುದಿಲ್ಲ. ಹೆದರಬೇಡಿ. ನಿಮ್ಮ ಹೆಸರಿನ ಗ್ಯಾಸ್ ಬಿಲ್, ಈಗಿನ ವಿಳಾಸ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ವಿಳಾಸ ಬದಲಾಯಿಸಿದ ಆಧಾರ್, ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ. ಯಾವುದೂ ಇಲ್ಲದಿದ್ದರೆ ನಿಮ್ಮ ಬಳಿ ಇರುವ ಬೇರೆ ದಾಖಲೆ ಇಟ್ಟು ಅರ್ಜಿ ಹಾಕಿ, ಬಿಎಲ್‌ಒ ಬಂದು ವಿಚಾರಿಸುತ್ತಾರೆ. ಮನೆಯೇ ಇಲ್ಲದವರು ರಾತ್ರಿ ಮಲಗುವ ಜಾಗಕ್ಕೆ ಬಿಎಲ್‌ಒ ಹೋಗಿ ನೋಡಿ ಹೆಸರು ಸೇರಿಸುವ ಕ್ರಮವೂ ಇದೆ. ಹಾಗಿರುವಾಗ ಬಾಡಿಗೆ ಮನೆಯವರಿಗೆ ಇಲ್ಲ ಅನ್ನುವುದು ಹೇಗೆ?

ಮನೆ ಮಾಲೀಕರಿಗೂ ಒಂದು ಮಾತು. ಬಾಡಿಗೆಯವರ ಹೆಸರು ಪಟ್ಟಿಗೆ ಬಂದರೆ ಮನೆ ಮೇಲೆ ಹಕ್ಕು ಕೇಳುತ್ತಾರೆ ಅನ್ನುವ ಭಯ ನಮ್ಮ ಕಡೆ ಬಹಳ ಇದೆ. ಮತದಾರರ ಪಟ್ಟಿಗೂ ಆಸ್ತಿ ಹಕ್ಕಿಗೂ ಸಂಬಂಧವೇ ಇಲ್ಲ. ಬಿಎಲ್‌ಒ ಬಂದಾಗ "ಹೌದು, ಇಲ್ಲೇ ಇದ್ದಾರೆ" ಅಂತ ಹೇಳಿ, ಸಾಕು.

"ಹೊರಗಿನವರಿಗೆ ಯಾಕೆ ಇಲ್ಲಿ ವೋಟು?" ಅನ್ನುವವರೂ ಸಿಗುತ್ತಾರೆ. ಗಂಡನ ಮನೆಗೆ ಬಂದ ಸೊಸೆಯ ಹೆಸರು ಸೇರಿಸುವಾಗ ಯಾರೂ ಹೀಗೆ ಕೇಳುವುದಿಲ್ಲ, ಅಲ್ವಾ? ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ಊರು ಬದಲಿಸುವುದಕ್ಕೆ ದೊಡ್ಡ ಕಾರಣ ಮದುವೆಯೇ. ಅವರು ತುಂಬುವುದೂ ಅದೇ ಫಾರಂ 8. ಸಂವಿಧಾನದ 19ನೇ ವಿಧಿ ಭಾರತದ ಪ್ರಜೆಗೆ ದೇಶದ ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕು ಕೊಟ್ಟಿದೆ. 326ನೇ ವಿಧಿ 18 ತುಂಬಿದ ಪ್ರಜೆಗೆ ವೋಟು ಕೊಟ್ಟಿದೆ. ಮನೆಮಾತು ಯಾವುದು, ಜಾತಿ ಯಾವುದು ಅಂತ ಅದು ಕೇಳುವುದಿಲ್ಲ. ಬಿಹಾರದಿಂದ ಬಂದು ಇಲ್ಲೇ ಸಂಸಾರ ಹೂಡಿದ ಗಾರೆ ಕೆಲಸದವರಿಗೂ, ಜಗಳೂರಿನಿಂದ ಬಂದವರಿಗೂ ನಿಯಮ ಒಂದೇ. ಈ ಮಾತನ್ನು ನಾನು ಎಲ್ಲರೆದುರೂ ಗಟ್ಟಿಯಾಗಿ ಹೇಳುತ್ತೇನೆ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ನಂಬರ್ ಬರೆದಿಟ್ಟುಕೊಳ್ಳಿ. ಅರ್ಜಿ ತಿರಸ್ಕಾರವಾದರೆ ಸುಮ್ನೆ ಕೂರಬೇಡಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಕಾರ್ಡು ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಅದನ್ನು ಚುನಾವಣೆಗೆ ಮೊದಲೇ ನೋಡಿಕೊಳ್ಳಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಹೆಸರು ಸೇರಿಸಲು ಬರುವುದಿಲ್ಲ.

ಮನೆಯಲ್ಲಿ 17 ತುಂಬಿದ ಮಗನೋ ಮಗಳೋ ಇದ್ದರೆ ನಿಮ್ಮ ಫಾರಂ 8ರ ಜೊತೆಗೇ ಅವರ ಫಾರಂ 6 ಕೂಡ ಕೊಟ್ಟುಬಿಡಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಖುಗಳಲ್ಲಿ ಯಾವುದಕ್ಕೆ 18 ತುಂಬಿರುತ್ತದೋ ಆ ಲೆಕ್ಕಕ್ಕೆ ಅವರ ಹೆಸರು ಸೇರುತ್ತದೆ.